ಮೂವತ್ತು ಪಲ್ಲದ ಲಾರಿ

ನಮ್ಮ ಯಜಮಾನರು ಚಂದ್ರಶೇಖರಯ್ಯನವರಿಗೆ ಈ ಲೋಕದಲ್ಲಿ ಸೇರು, ಕೊಳಗಗಳ ಮೇಲೆ ಬಿಟ್ಟರೆ ಬೇರೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಹಾಸನದ ಪೇಟೆಯಲ್ಲಿ ಅವರದು ರಾಗಿ ಮತ್ತು ತೆಂಗಿನಕಾಯಿ ಮಂಡಿ. ಮನುಷ್ಯ ಸುಳ್ಳು ಹೇಳುತ್ತಾನೆ, ತಕ್ಕಡಿಯನ್ನು ಕಿರುಬೆರಳಿನಲ್ಲಿ ಒತ್ತಬಹುದು, ಆದರೆ ಸೇರು ತುಂಬಿತು ಅಂದರೆ ತುಂಬಿತು ಎನ್ನುವುದು ಅವರ ಸಿದ್ಧಾಂತ. ನಾನು ಅವರ ಗುಮಾಸ್ತ, ಷಡಕ್ಷರಿ. ಇಂಗ್ಲಿಷ್ ಓದಲು ಬರುತ್ತಿದ್ದುದರಿಂದ ಮಂಡಿಯಲ್ಲಿ ನನಗೆ ಕೂರಲು ಒಂದು ಬೆಂಚು, ಜೊತೆಗೆ ಸ್ವಲ್ಪ ಮರ್ಯಾದೆ ಇತ್ತು. ಆ ಮರ್ಯಾದೆ ಉಳಿಸಿಕೊಳ್ಳಲು ನಾನು ಏನು ಮಾಡಿದೆ ಅನ್ನುವುದೇ ಈ ಕಥೆ. ಇಷ್ಟು ವರ್ಷವಾದ ಮೇಲೂ ಹೇಳಲು ನಾಚಿಕೆಯಾಗುತ್ತದೆ.

ಸಾವಿರದ ಒಂಬೈನೂರ ನಲವತ್ತೊಂದನೆಯ ಇಸವಿ. ಹಾಸನದಿಂದ ಹೊಳೆನರಸೀಪುರದ ಕಡೆ ಹೋಗುವ ರಸ್ತೆಯಲ್ಲಿ ಆರು ಮೈಲಿಗೆ ಜಲ್ಲಿ ಹಾಸುವ ಗುತ್ತಿಗೆಯನ್ನು ಯಜಮಾನರು ಹಿಡಿದರು. ರಸ್ತೆ ಮಾಡಿ ಅವರಿಗೆ ಅಭ್ಯಾಸವಿರಲಿಲ್ಲ. ಆದರೆ ರಸ್ತೆ ಉಸ್ತುವಾರಿ ಸಮಿತಿಯ ಅಧ್ಯಕ್ಷರಾದ ಕೃಷ್ಣಪ್ಪನವರಿಗೂ ಇರಲಿಲ್ಲ. ಅವರು ಕೊರವಂಗಲದ ಆಚೆ ನೂರೈವತ್ತು ಎಕರೆ ಇದ್ದ ಸಾಹುಕಾರರು. ರಸ್ತೆಯಲ್ಲಿ ತುಂಬ ಓಡಾಡಿದ್ದಾರೆ ಎಂಬ ಕಾರಣಕ್ಕೆ ಅಧ್ಯಕ್ಷರಾದವರು. ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಯಬೇಕು ಎಂದು ಅವರು ಹೇಳಿದರು. ಎತ್ತಿನ ಗಾಡಿಗಳಲ್ಲಿ ಅದು ಆಗುವ ಮಾತಲ್ಲ. ಸಕಲೇಶಪುರದ ಕಡೆಯ ಕಾಫಿ ತೋಟದ ಬಿಳಿ ದೊರೆಯೊಬ್ಬ ಯುದ್ಧಕ್ಕೆ ಹೊರಟಿದ್ದ, ಅವನ ಟಿಪ್ಪರ್ ಲಾರಿ ಮಾರಾಟಕ್ಕಿತ್ತು. ಕ್ಯಾಬಿನ್ನಿನಲ್ಲಿ ಕೂತು ಒಂದು ಹಿಡಿಕೆ ಎಳೆದರೆ ಸಾಕು, ಹಿಂದಿನ ಪೆಟ್ಟಿಗೆ ತಾನೇ ಎದ್ದು ಹೊರೆಯನ್ನೆಲ್ಲ ಸುರಿದುಬಿಡುತ್ತಿತ್ತು. ಯಜಮಾನರು ಅದನ್ನು ಕೊಂಡರು.

ಲಾರಿಯ ಜೊತೆಗೇ ಡ್ರೈವರ್ ಬೈರಯ್ಯನೂ ಬಂದ. ಅರಕಲಗೂಡಿನವನು, ಮಾತು ಕಡಿಮೆ. ಹೆಂಡತಿ ಮಾರಮ್ಮ, ಮೂರು ಮಕ್ಕಳು. ಹೊಲವಿಲ್ಲ, ಮನೆಯಿಲ್ಲ. ಅವನಿಗಿದ್ದ ಆಸ್ತಿಯೆಂದರೆ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಎದೆ ಜೇಬಿನಲ್ಲಿಟ್ಟುಕೊಂಡಿದ್ದ ಲೈಸೆನ್ಸು. ಅದೊಂದು ಹೋದರೆ ನಾನು ಮತ್ತೆ ಜೀತದವನೇ ಸಾ ಎಂದು ಮೊದಲ ದಿನವೇ ನನ್ನ ಹತ್ತಿರ ಹೇಳಿದ್ದ.

ಲಾರಿ ಮಂಡಿಯ ಮುಂದೆ ಬಂದು ನಿಂತಾಗ ಯಜಮಾನರು ಅದರ ಸುತ್ತ ಮೂರು ಸಲ ತಿರುಗಿದರು. ಹೊಸ ಎತ್ತಿನ ಹಲ್ಲು ನೋಡುವ ಹಾಗೆ ಮುಂದಿನ ಜಾಲರಿಯೊಳಗೆ ಬೆರಳು ಹಾಕಿ ನೋಡಿದರು. ಬಾಗಿಲಿನ ಒಳಗಡೆ ಅಂಗೈ ಅಗಲದ ಹಿತ್ತಾಳೆ ತಗಡು ಇತ್ತು.

"ಏನು ಬರೆದದೆ ಅದರಲ್ಲಿ, ಷಡಕ್ಷರಿ?"

"ಮೂರು ಟನ್ ಹೊರುತ್ತಂತೆ ಯಜಮಾನ್ರೇ."

ತಗಡಿನಲ್ಲಿ ಇನ್ನೂ ಎರಡು ಸಾಲು ಇದ್ದವು. ಖಾಲಿ ಲಾರಿಯ ತೂಕ ಎರಡೂವರೆ ಟನ್; ಲಾರಿ ಮತ್ತು ಹೊರೆ ಎರಡೂ ಸೇರಿ ಐದೂವರೆ ಟನ್ ಮೀರಕೂಡದು. ಅವನ್ನು ನಾನು ಓದಿ ಹೇಳಲಿಲ್ಲ. ಯಜಮಾನರಿಗೆ ಬೇಕಾದುದು ಒಂದು ಸಂಖ್ಯೆ. ಮೂರು ಸಂಖ್ಯೆ ಕೊಟ್ಟರೆ ಅದರಲ್ಲಿ ಸುಳ್ಳು ಯಾವುದು ಎಂದು ಕೇಳುವ ಮನುಷ್ಯ ಅವರು.

"ಈ ಟನ್ನು ಗಿನ್ನು ನನಗೆ ಬೇಡ. ಪಲ್ಲದಲ್ಲಿ ಹೇಳು."

ಒಂದು ಪಲ್ಲವೆಂದರೆ ನೂರು ಸೇರು. ನಮ್ಮ ಮಂಡಿಯ ರಾಗಿಯನ್ನು ರೈಲ್ವೆ ಸ್ಟೇಷನ್ನಿನಲ್ಲಿ ತೂಗಿಸಿದ್ದು ನನಗೆ ನೆನಪಿತ್ತು. ಹೆಚ್ಚುಕಡಿಮೆ ಹತ್ತು ಪಲ್ಲಕ್ಕೆ ಒಂದು ಟನ್. ಬೆರಳು ಮಡಚುವ ನಾಟಕ ಮಾಡಿ, "ಮೂವತ್ತು ಪಲ್ಲ" ಎಂದೆ. ರಾಗಿಯ ಮಟ್ಟಿಗೆ ಅದು ಸರಿಯಾದ ಲೆಕ್ಕ. ರಾಗಿಯಾದರೆ ಎಂಬ ಒಂದು ಮಾತನ್ನು ಸೇರಿಸಬೇಕಿತ್ತು. ಸೇರಿಸಲಿಲ್ಲ.

ಅಳೆಯದೆ ನಂಬುವ ವಂಶವಲ್ಲ ನಮ್ಮ ಯಜಮಾನರದು. ಮಂಡಿಯ ಅಳತೆಗಾರ ಗುಂಡಯ್ಯನನ್ನು ಕರೆಸಿ, ಉಗ್ರಾಣದ ರಾಗಿಯನ್ನು ಲಾರಿಯ ಪೆಟ್ಟಿಗೆಗೆ ಅಳೆದು ಸುರಿಸಿದರು. ಮೊದಲ ಕೊಳಗಕ್ಕೆ ಒಂದು ಅನ್ನುವ ಪದ್ಧತಿ ನಮ್ಮಲ್ಲಿಲ್ಲ, ಲಾಭ ಅನ್ನಬೇಕು. ಗುಂಡಯ್ಯ ರಾಗ ಎಳೆದು "ಲಾಭಾ, ಎರಡೂ, ಮೂರೂ" ಎನ್ನುತ್ತ ಸುರಿದ. ಹದಿನೇಳು ಪಲ್ಲಕ್ಕೆ ಪೆಟ್ಟಿಗೆ ತುಂಬಿ ರಾಗಿ ಬೀದಿಗೆ ಸೋರತೊಡಗಿತು. ಮಹಡಿಯ ಕಿಟಕಿಯಿಂದ ಯಜಮಾನರ ಹೆಂಡತಿ ಕಮಲಾಕ್ಷಮ್ಮನವರು ಕೂಗಿದರು.

"ಆ ಪೆಟ್ರೋಲ್ ವಾಸನೆ ರಾಗಿ ಮುದ್ದೆ ತಿನ್ನೋರು ಯಾರ್ರೀ? ನೀವೇ ತಿನ್ನಿ!"

ಯಜಮಾನರಿಗೆ ಮುದ್ದೆಯ ಯೋಚನೆ ಇರಲಿಲ್ಲ. "ಹದಿನೇಳು!" ಎಂದರು. "ಬರೆದಿರೋದು ಮೂವತ್ತು, ಹಿಡಿಯೋದು ಹದಿನೇಳು. ದೊರೆ ನಮಗೆ ಹದಿಮೂರು ಪಲ್ಲ ಟೋಪಿ ಹಾಕ್ದ!"

ಬೈರಯ್ಯ ಮುಂದೆ ಬಂದ. "ಅಂಗಲ್ಲ ಯಜಮಾನ್ರೇ. ಇದು ಕಲ್ಲಿಗೆ ಅಂತ್ಲೇ ಮಾಡಿರೋ ಪೆಟ್ಗೆ. ಇದ್ರ ತುಂಬ ಜಲ್ಲಿ ಆಕುದ್ರೆ ಮೂರು ಟನ್ನು ಆಗೇ ಓಯ್ತದೆ. ರಾಗಿ ತೂಕ ಬ್ಯಾರೆ, ಕಲ್ಲು ತೂಕ ಬ್ಯಾರೆ."

"ಪಲ್ಲ ಅಂದ್ರೆ ಪಲ್ಲ ಕಣಯ್ಯ," ಎಂದರು ಯಜಮಾನರು. "ರಾಗಿಗೊಂದು ಸೇರು, ಕಲ್ಲಿಗೊಂದು ಸೇರು ಇಟ್ಕೊಂಡು ವ್ಯಾಪಾರ ಮಾಡೋನು ಕಳ್ಳ. ನಮ್ಮ ಮಂಡೀಲಿ ನಮ್ಮ ತಾತನ ಕಾಲದಿಂದ ಒಂದೇ ಸೇರು."

ಇದು ಬರೀ ಹಟದ ಮಾತಾಗಿರಲಿಲ್ಲ. ಅವರು ನಿಜವಾಗಿಯೂ ಪ್ರಾಮಾಣಿಕರು, ಆ ಪ್ರಾಮಾಣಿಕತೆಯೇ ಅವರ ಕಣ್ಣಿಗೆ ಅಡ್ಡ ನಿಂತಿತ್ತು. ಅಷ್ಟರಲ್ಲಿ ಬಡಗಿ ಬಂದ. ಪೆಟ್ಟಿಗೆಯ ನಾಲ್ಕೂ ಪಕ್ಕಕ್ಕೆ ಹಲಗೆ ಏರಿಸಿದ. ಮತ್ತೆ ಲಾಭದಿಂದ ಶುರುಮಾಡಿ ಅಳೆದು, ಮೂವತ್ತು ಪಲ್ಲ ಸರಿಯಾಗಿ ಹಿಡಿದ ಮೇಲೆಯೇ ಯಜಮಾನರು ಊಟಕ್ಕೆ ಎದ್ದರು. ಪೇಂಟರು ಎರಡೂ ಪಕ್ಕ ದೊಡ್ಡ ಅಕ್ಷರದಲ್ಲಿ "ಚಂದ್ರಶೇಖರಯ್ಯ ಅಂಡ್ ಸನ್ಸ್, ಹಾಸನ, ೩೦ ಪಲ್ಲ" ಎಂದು ಬರೆದ. ಯಜಮಾನರಿಗೆ ಗಂಡುಮಕ್ಕಳಿರಲಿಲ್ಲ. ಸನ್ಸ್ ಇಲ್ಲದಿದ್ದರೆ ಲಾರಿ ಬೋಳಾಗಿ ಕಾಣುತ್ತದೆ ಎಂದು ಪೇಂಟರು ಹೇಳಿದ್ದರಿಂದ ಒಪ್ಪಿಕೊಂಡರು.

ಮೊಸಳೆ ಎಂಬ ಊರಿನ ಹತ್ತಿರದ ಬಂಡೆಯಲ್ಲಿ ಜಲ್ಲಿ ಒಡೆಯುತ್ತಿದ್ದರು. ಮೊದಲ ಲೋಡು ತುಂಬುವ ದಿನ ನಾನೂ ಹೋಗಿದ್ದೆ. ಹಲಗೆಯವರೆಗೂ ಬರುವ ಮೊದಲೇ ಬೈರಯ್ಯ ಕೈ ಎತ್ತಿ ಆಳುಗಳನ್ನು ನಿಲ್ಲಿಸಿದ. ನನ್ನನ್ನು ಲಾರಿಯ ಹಿಂದಕ್ಕೆ ಕರೆದು, ಬಗ್ಗಿ ನೋಡಿ ಎಂದ. ಬಿಲ್ಲಿನ ಹಾಗೆ ಬಾಗಿರಬೇಕಾದ ಸ್ಪ್ರಿಂಗ್ ಪಟ್ಟಿಗಳು ಆಗಲೇ ನೆಟ್ಟಗಾಗಿದ್ದವು.

"ಈ ಮಂಕ್ರಿ ವಸಿ ಎತ್ತಿ ನೋಡಿ ಸಾ," ಎಂದು ಜಲ್ಲಿ ತುಂಬಿದ ಮಂಕರಿ ತೋರಿಸಿದ.

ಎತ್ತಲು ಹೋದೆ. ಸೊಂಟ ಹಿಡಿದುಕೊಂಡಿತು. ಅಷ್ಟೇ ಅಳತೆಯ ರಾಗಿಯನ್ನು ನಾನು ಎಷ್ಟೋ ಸಲ ಎತ್ತಿಟ್ಟಿದ್ದೆ. ಹೈಸ್ಕೂಲು ಕಲಿಸದಿದ್ದುದನ್ನು ನನ್ನ ಸೊಂಟ ಆ ಗಳಿಗೆಯಲ್ಲಿ ಕಲಿಸಿತು. ಮೂವತ್ತು ಪಲ್ಲ ಜಲ್ಲಿ ಎಂದರೆ ಆರು ಟನ್. ಈ ಲಾರಿ ಅದನ್ನು ಹೊತ್ತರೆ ಹೆಚ್ಚು ದಿನ ಬಾಳುವುದಿಲ್ಲ, ಲಾರಿ ಹೋದ ದಿನ ಬೈರಯ್ಯನೂ ಹೋಗುತ್ತಾನೆ.

"ನೀವು ಯಜಮಾನ್ರಿಗೆ ಏಳಿ ಸಾ," ಎಂದ ಬೈರಯ್ಯ. "ನಾನು ಏಳಿದ್ರೆ ಸೋಂಬೇರಿ ಅಂತಾರೆ. ಲೆಕ್ಕ ಆಕಿದ್ದು ನೀವು, ನಿಮ್ಮ ಮಾತು ಕೇಳ್ತಾರೆ."

"ಸಮಯ ನೋಡಿ ಹೇಳ್ತೀನಪ್ಪ. ಅಲ್ಲೀತನಕ ಹೇಗಾದ್ರೂ ನಿಭಾಯಿಸು," ಎಂದೆ.

ಸಮಯ ನೋಡುತ್ತಲೇ ಇದ್ದೆ. ಯಜಮಾನರು ಬೆಳಿಗ್ಗೆ ಪೂಜೆಯಲ್ಲಿರುತ್ತಿದ್ದರು, ಮಧ್ಯಾಹ್ನ ಸಿಟ್ಟಿನಲ್ಲಿರುತ್ತಿದ್ದರು, ಸಂಜೆ ನಾಲ್ಕು ಜನರ ನಡುವೆ ಮೂವತ್ತು ಪಲ್ಲದ ಲಾರಿಯ ಪ್ರತಾಪ ಹೇಳುತ್ತಿದ್ದರು. ಲೆಕ್ಕ ತಪ್ಪಿದ ಗುಮಾಸ್ತನಿಗೆ ಬೆಂಚು ಯಾಕೆ ಎಂದು ಅವರು ಕೇಳಿಬಿಟ್ಟಾರು ಎಂಬ ಭಯ ನನ್ನದು.

ನಿಭಾಯಿಸಿದವನು ಬೈರಯ್ಯ. ಮಂಡಿಯ ಹಿತ್ತಲಿನಲ್ಲಿ ತೆಂಗಿನಕಾಯಿ ಮಟ್ಟೆ ಬೆಟ್ಟದಷ್ಟು ಬಿದ್ದು ಕೊಳೆಯುತ್ತಿತ್ತು. ಬಂಡೆಗೆ ಖಾಲಿ ಹೋಗುವಾಗ ಲಾರಿಗೆ ಮಟ್ಟೆ ತುಂಬಿಕೊಂಡು ಹೋದ. ಅಲ್ಲಿ ಕೆಳಗೆ ಮಟ್ಟೆ ಹಾಸಿ, ಅದರ ಮೇಲೆ ಹೊರಬಹುದಾದಷ್ಟೇ ಜಲ್ಲಿ ತುಂಬಿಸಿದ. ಹೊರಗಿನಿಂದ ನೋಡಿದರೆ ಹಲಗೆಯ ಅಂಚಿನವರೆಗೂ ಕಲ್ಲು, ತಲೆ ತುಂಬಿದ ಮೂವತ್ತು ಪಲ್ಲ. ಸ್ಪ್ರಿಂಗ್ ಪಟ್ಟಿಗೆ ಮಾತ್ರ ನಿಜ ಗೊತ್ತಿತ್ತು. ಮಟ್ಟೆ ಹೊರಗೆ ಹೋಗಲು ಚೀಟಿ ಬೇಕಲ್ಲ, "ಕೂಲಿಯವರ ಸೌದೆಗೆ" ಎಂದು ನಾನೇ ಬರೆದುಕೊಟ್ಟೆ. ಅದು ಪೂರಾ ಸುಳ್ಳೂ ಆಗಿರಲಿಲ್ಲ. ರಸ್ತೆಯ ಮೇಲೆ ಜಲ್ಲಿ ಹರಡುವ ಹೆಂಗಸರ ಗುಂಪಿಗೆ ಮುಂದಾಳಾಗಿದ್ದ ಬೆಟ್ಟಮ್ಮ, ಲಾರಿ ಸುರಿದ ಕೂಡಲೇ ಮಟ್ಟೆಗಳನ್ನು ಆಯಿಸಿ ಪಕ್ಕಕ್ಕೆ ಹಾಕಿಸುತ್ತಿದ್ದಳು. ಸಂಜೆ ಹೊರೆ ಕಟ್ಟಿ ಎಲ್ಲರೂ ಮನೆಗೆ ಒಯ್ಯುತ್ತಿದ್ದರು.

"ಬೈರಣ್ಣನ ಲಾರಿ ಬಂದ್ರೆ ರಸ್ತೇನೂ ಆಯ್ತದೆ, ನಮ್ಮ ಒಲೇನೂ ಉರೀತದೆ," ಎನ್ನುತ್ತಿದ್ದಳು ಬೆಟ್ಟಮ್ಮ.

ಹೀಗೆ ಎರಡು ತಿಂಗಳು ಎಲ್ಲರೂ ಸುಖವಾಗಿದ್ದೆವು. ಲಾರಿ ಒಂದು ದಿನವೂ ಕೆಡಲಿಲ್ಲ. ದೊರೆಯ ಕೈಯಲ್ಲಿ ಹದಿನೇಳು ಹೊರುತ್ತಿದ್ದ ಲಾರಿ ತಮ್ಮ ಕೈಗೆ ಬಂದ ಮೇಲೆ ಮೂವತ್ತು ಹೊರುತ್ತಿದೆ ಎಂದು ಯಜಮಾನರು ಊರೆಲ್ಲ ಹೇಳಿಕೊಂಡರು. ಅದನ್ನು ಕೇಳಿ ಚನ್ನರಾಯಪಟ್ಟಣದ ಇನ್ನೊಬ್ಬ ಗುತ್ತಿಗೆದಾರರು ತಮ್ಮ ಲಾರಿಯ ಮೇಲೆ ಮೂವತ್ತೈದು ಪಲ್ಲ ಎಂದು ಬರೆಸಿದರು. ಅವರು ಹಲಗೆ ಸಹ ಏರಿಸಿರಲಿಲ್ಲ, ಬರೀ ಬರೆಸಿದ್ದರು.

ಕೆಟ್ಟದ್ದು ಕೃಷ್ಣಪ್ಪನವರ ಕೋಲಿನಿಂದ. ಒಂದು ಬೆಳಿಗ್ಗೆ ಅಧ್ಯಕ್ಷರು ಹೇಳದೆ ಕೇಳದೆ ರಸ್ತೆ ನೋಡಲು ಬಂದರು. ಜೊತೆಯಲ್ಲಿ ಯಜಮಾನರು, ಹಿಂದೆ ನಾನು. ಬೈರಯ್ಯ ಆಗತಾನೇ ಒಂದು ಲೋಡು ಸುರಿದಿದ್ದ, ಹೆಂಗಸರು ಇನ್ನೂ ಕೈ ಹಾಕಿರಲಿಲ್ಲ. ಕೃಷ್ಣಪ್ಪನವರು ಗತ್ತಿನಿಂದ ತಮ್ಮ ಕೋಲನ್ನು ಜಲ್ಲಿಯ ರಾಶಿಗೆ ಚುಚ್ಚಿದರು. ಅದು ಸಲೀಸಾಗಿ ಒಳಗೆ ಹೋಯಿತು. ಎಳೆದರೆ ತುದಿಗೆ ಒಂದು ತೆಂಗಿನಕಾಯಿ ಮಟ್ಟೆ ಸಿಕ್ಕಿಕೊಂಡು ಬಂತು.

"ಏನ್ ಚಂದ್ರಶೇಖರಯ್ಯನೋರೇ, ರಸ್ತೆಗೆ ಕಲ್ಲು ಆಕ್ತಾ ಇದ್ದೀರೋ, ಕಾಯಿ ಒಡೀತಾ ಇದ್ದೀರೋ?"

ಯಜಮಾನರ ಮುಖ ಕಪ್ಪಿಟ್ಟಿತು. ಸೀದಾ ಬೈರಯ್ಯನ ಕಡೆ ತಿರುಗಿದರು. "ಅರ್ಧ ಜಲ್ಲಿ ಯಾರಿಗೆ ಮಾರ್ದೆಯೋ?"

"ಯಾರ್ಗೂ ಮಾರ್ಲಿಲ್ಲ ಯಜಮಾನ್ರೇ. ಅಷ್ಟು ಜಲ್ಲಿ ಈ ಲಾರಿಗೆ ಆಕಂಗೇ ಇಲ್ಲ. ಮೂವತ್ತು ಪಲ್ಲ ಕಲ್ಲು ಒರುಸುದ್ರೆ ಸತ್ತೋಯ್ತದೆ. ಅದ್ಕೇ ಕೆಳಗಡೆ ಮಟ್ಟೆ ಆಕ್ದೆ," ಎಂದ ಬೈರಯ್ಯ. ಆಮೇಲೆ ನನ್ನ ಕಡೆ ನೋಡಿದ.

ಅದು ನಾನು ಎರಡು ತಿಂಗಳಿಂದ ನೋಡುತ್ತಿದ್ದ ಸಮಯ, ಕಾಲಿಗೆ ಬಂದು ಬಿದ್ದಿತ್ತು. ಮಟ್ಟೆಯ ಚೀಟಿ ಬರೆದದ್ದು ನಾನು, ಮೂವತ್ತು ಎಂದದ್ದು ನಾನು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಕೋಲಿನ ತುದಿಯ ಮಟ್ಟೆಯನ್ನೇ ನೋಡುತ್ತ ನಿಂತೆ.

ಕೃಷ್ಣಪ್ಪನವರಿಗೆ ಪಂಚಾಯ್ತಿ ಎಂದರೆ ಹಬ್ಬ. "ಜಗಳ ಯಾಕೆ? ನಾಳೀಕೆ ನನ್ನೆದುರ್ಗೇ ಮೂವತ್ತು ಪಲ್ಲ ಕಲ್ಲೇ ತುಂಬ್ಸಿ. ಲಾರಿ ಒತ್ಕಂಡು ಬಂದ್ರೆ ಇವ್ನು ಕಳ್ಳ. ಬರ್ದೇ ಇದ್ರೆ ಆಮೇಲೆ ನೋಡಾನ," ಎಂದರು.

ಮಾರನೆಯ ದಿನ ಗುಂಡಯ್ಯ ಕೊಳಗ ಹಿಡಿದು ಬಂಡೆಗೆ ಬಂದ. ಅಲ್ಲಿಯವರೆಗೆ ಯಾರೂ ಜಲ್ಲಿಯನ್ನು ಕೊಳಗದಲ್ಲಿ ಅಳೆದಿರಲಿಲ್ಲ, ಆಮೇಲೂ ಅಳೆದಿರಲಾರರು. ಲಾಭದಿಂದ ಶುರುವಾದದ್ದು ಮಧ್ಯಾಹ್ನದವರೆಗೂ ನಡೆಯಿತು. ಗುಂಡಯ್ಯನ ಬೆರಳುಗಳಿಂದ ರಕ್ತ ಬಂತು, ಹಿತ್ತಾಳೆ ಕೊಳಗದ ಬಾಯಿ ಸೊಟ್ಟಗಾಯಿತು. ಮೂವತ್ತು ಪಲ್ಲವಾದ ಮೇಲೆ ಯಜಮಾನರು ಇನ್ನಷ್ಟು ಹಾಕಿಸಿ ತಲೆ ತುಂಬಿಸಿದರು. ಮೇಲೆದ್ದ ರಾಶಿಯ ತಲೆ ತಟ್ಟಿ ಅಂಚಿಗೆ ಸಮಮಾಡಿ ಅಳೆಯುವುದು ಅವರ ಮನೆತನಕ್ಕೆ ಒಗ್ಗದ ಪದ್ಧತಿ. ಲಾರಿಯ ಹಿಂಭಾಗ ನೆಲಕ್ಕೆ ಕೂತಿತ್ತು, ಮೂತಿ ಆಕಾಶ ನೋಡುತ್ತಿತ್ತು. ದಾರಿಯಲ್ಲಿ ಬೈರಯ್ಯ ಕಲ್ಲು ಇಳಿಸಿಬಿಟ್ಟಾನು ಎಂದು ಯಜಮಾನರು ತಾವೇ ಕ್ಯಾಬಿನ್ ಹತ್ತಿ ಕೂತರು.

"ನೀವು ಇಳ್ಕಳಿ ಯಜಮಾನ್ರೇ," ಎಂದ ಬೈರಯ್ಯ. "ಏನಾರ ಆದ್ರೆ ನಾನೊಬ್ನೇ ಆಗ್ಲಿ."

"ನಡಿ ನಡಿ, ನಿನ್ನ ಆಟ ನನಗೆ ಗೊತ್ತು."

ಲಾರಿ ಹೊರಟಿತು. ನಾವು ಹಿಂದೆ ಕೃಷ್ಣಪ್ಪನವರ ಜಟಕಾದಲ್ಲಿದ್ದೆವು, ಕುದುರೆಯನ್ನು ಪದೇ ಪದೇ ಹಿಡಿದು ನಿಲ್ಲಿಸಬೇಕಾಗುತ್ತಿತ್ತು. ಹಿಂದಿನ ಚಕ್ರಗಳು ಉಜ್ಜಿ ರಬ್ಬರಿನ ವಾಸನೆ ಬರುತ್ತಿತ್ತು. ಎರಡು ಮೈಲಿಗೆ ಒಂದು ಗಂಟೆ ಹಿಡಿಯಿತು. ಆದರೆ ಬೈರಯ್ಯ ಅದನ್ನು ತಂದ. ತನ್ನನ್ನು ಕಳ್ಳನೆಂದು ಸಾಬೀತು ಮಾಡುವ ಹೊರೆಯನ್ನು, ಎಲ್ಲಾದರೂ ಒಂದು ಗುಂಡಿಗೆ ಹಾಕಿ ಮುರಿದುಕೊಳ್ಳಬಹುದಾಗಿದ್ದ ಹೊರೆಯನ್ನು, ಗುಂಡಿ ತಪ್ಪಿಸಿ ತಪ್ಪಿಸಿ ತಂದ. ಅವನ ಡ್ರೈವಿಂಗು ಅಷ್ಟು ಒಳ್ಳೆಯದಾಗಿತ್ತು.

"ನೋಡ್ರೀ ಅಧ್ಯಕ್ಷರೇ, ಹೊತ್ತಿತೋ ಇಲ್ವೋ!" ಯಜಮಾನರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದರು. "ಮೂವತ್ತು ಪಲ್ಲ! ಇವನು ಕಳ್ಳ!"

"ಒಪ್ಕತೀನಿ ಯಜಮಾನ್ರೇ, ಕಳ್ಳ ಅಂತ್ಲೇ ಅನ್ನಿ," ಎನ್ನುತ್ತಿದ್ದ ಬೈರಯ್ಯ. "ಆದ್ರೆ ಪೆಟ್ಗೆ ಎತ್ತಬ್ಯಾಡಿ. ಎಂಗಸ್ರ ಕೈಲಿ ಮಂಕ್ರೀಲಿ ಇಳ್ಸಾನ."

ಗೆದ್ದವರು ಯಾರ ಮಾತು ಕೇಳುತ್ತಾರೆ? ಯಜಮಾನರು ಕೈ ಚಾಚಿ ತಾವೇ ಹಿಡಿಕೆ ಎಳೆದುಬಿಟ್ಟರು. ಪೆಟ್ಟಿಗೆಯ ಮುಂಭಾಗ ಒಂದು ಮೊಳ ಎದ್ದಿತು. ಆರು ಟನ್ ಕಲ್ಲು ಒಟ್ಟಿಗೆ ಹಿಂದಕ್ಕೆ ಜಾರಿ, ಇನ್ನೂ ತೆರೆಯದಿದ್ದ ಹಿಂಬಾಗಿಲಿಗೆ ಒತ್ತಿಕೊಂಡಿತು. ಆಮೇಲೆ ಪೆಟ್ಟಿಗೆ ಏಳುವುದು ನಿಂತು ಲಾರಿಯೇ ಏಳತೊಡಗಿತು. ಮುಂದಿನ ಚಕ್ರಗಳು ನೆಲ ಬಿಟ್ಟವು. ಕ್ಯಾಬಿನ್ನು ನಮ್ಮ ಕಣ್ಣೆದುರೇ ಮೇಲಕ್ಕೆ ಹೋಗಿ, ಹುಣಸೆಮರದ ಕೊಂಬೆಯ ಮಟ್ಟಕ್ಕೆ ನಿಂತಿತು. ಅಡಿಯಲ್ಲಿ ಪಟಾರ್ ಎಂದು ಸ್ಪ್ರಿಂಗ್ ಪಟ್ಟಿಗಳು ಮುರಿದವು, ಹಿಂದೆಯೇ ಆಕ್ಸಲ್ಲು ಮುರಿಯಿತು. ಮೂವತ್ತು ಪಲ್ಲದ ಲಾರಿ ಕುಂಡಿಯ ಮೇಲೆ ಕೂತುಬಿಟ್ಟಿತು.

ಕಿಟಕಿಯಲ್ಲಿ ಯಜಮಾನರ ರುಮಾಲು ಕಂಡಿತು, ಮುಖ ಕಾಣಲಿಲ್ಲ. "ಶಿವ ಶಿವಾ" ಎಂಬ ಶಬ್ದ ಮಾತ್ರ ಮೇಲಿನಿಂದ ಬರುತ್ತಿತ್ತು. ಬೈರಯ್ಯ ಅವರ ಸೊಂಟಕ್ಕೆ ಕೈ ಹಾಕಿ, ತಾನು ಬಾಗಿಲಿಗೆ ಜೋತುಬಿದ್ದು, ನಿಧಾನವಾಗಿ ಕೆಳಗೆ ಇಳಿಬಿಟ್ಟ. ಬೆಟ್ಟಮ್ಮನ ಗುಂಪು ಕೆಳಗೆ ನಿಂತು ಕೈ ಚಾಚಿ ಹಿಡಿದುಕೊಂಡಿತು.

"ಯಜಮಾನ್ರು ಎಷ್ಟು ಪಲ್ಲ ಆಯ್ತಾರೆ ಬೈರಣ್ಣ?" ಎಂದು ಕೇಳಿದಳು ಬೆಟ್ಟಮ್ಮ. ಹೆಂಗಸರೆಲ್ಲ ನಕ್ಕರು. ಕೃಷ್ಣಪ್ಪನವರು ನಗು ತಡೆಯಲಾಗದೆ ಮರದ ಹಿಂದಕ್ಕೆ ಹೋದರು.

ಬೈರಯ್ಯ ಗೆದ್ದ, ಇನ್ನು ಯಾರೂ ಅವನನ್ನು ಕಳ್ಳ ಎನ್ನಲಾರರು ಎಂದುಕೊಂಡು ನನಗೂ ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು. ನಮ್ಮ ಯಜಮಾನರನ್ನು ನಾನು ಅಷ್ಟು ವರ್ಷ ನೋಡಿಯೂ ಅರ್ಥ ಮಾಡಿಕೊಂಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಮಂಡಿಗೆ ಹೋದರೆ, ಮುರಿದ ಲಾರಿಯಿಂದ ಕಿತ್ತು ತಂದ ಹಿತ್ತಾಳೆ ತಗಡು ಯಜಮಾನರ ಮುಂದಿತ್ತು. ಪಕ್ಕದಲ್ಲಿ ಕೃಷ್ಣಪ್ಪನವರು ಕಾಫಿ ಕುಡಿಯುತ್ತಿದ್ದರು. ಕೆಲಸ ನಿಂತದ್ದಕ್ಕೆ ಕಾರಣ ತೋರಿಸಿ ಸಮಿತಿ ವರದಿ ಕೊಡಬೇಕಿತ್ತು.

"ಇದನ್ನ ಪೂರ್ತಿ ಓದು, ಷಡಕ್ಷರಿ."

ಮೂರು ಸಾಲನ್ನೂ ಓದಿದೆ.

"ಮೂರು ಟನ್ ಅಂದ್ರೆ ತೂಕ. ಅಳತೆ ಅಲ್ಲ. ಅಲ್ವೇ?"

"ಹೌದು ಯಜಮಾನ್ರೇ."

"ಅಳತೆಗೆ ಅಳತೆ ಹಿಡಿದ್ರೆ ಜಲ್ಲಿ ರಾಗಿಗಿಂತ ಎರಡರಷ್ಟು ತೂಗುತ್ತೆ. ಮೂವತ್ತು ಪಲ್ಲ ಜಲ್ಲಿ ಆರು ಟನ್. ಲಾರೀದು ಎರಡೂವರೆ. ಎಂಟೂವರೆ ಆಯ್ತು. ತಗಡು ಹೇಳೋದು ಐದೂವರೆ." ಎರಡು ತಿಂಗಳು ಯಾರು ಹೇಳಿದರೂ ತಲೆಗೆ ಹೋಗದಿದ್ದುದು ಎರಡು ನಿಮಿಷದಲ್ಲಿ ಹೋಗಿತ್ತು. "ಡ್ರೈವರು ಮೂರು ಟನ್ ಮೀರಿ ತುಂಬಿ ಲಾರಿ ಮುರಿದಿದ್ದಾನೆ. ಬರಿ."

"ತುಂಬಿಸಿದ್ದು..." ಎಂದೆ.

"ಮೂವತ್ತು ಅಂತ ಲೆಕ್ಕ ಹಾಕಿದ್ದು ಯಾರು ಅನ್ನೋದನ್ನೂ ಬರೀತೀಯೇನು? ಮಟ್ಟೆ ಚೀಟಿ ಯಾರ ಅಕ್ಷರದಲ್ಲಿದೆ ಅನ್ನೋದನ್ನೂ?"

ಬರೆದೆ. ನನ್ನ ಕೈಬರಹ ಮುತ್ತಿನಂತಿತ್ತು. ಅಳತೆಗೂ ತೂಕಕ್ಕೂ ಇರುವ ವ್ಯತ್ಯಾಸವನ್ನು, ಒಂದು ಪಲ್ಲ ರಾಗಿಗೂ ಒಂದು ಪಲ್ಲ ಜಲ್ಲಿಗೂ ಇರುವ ಅಂತರವನ್ನು, ಖಾಲಿ ಲಾರಿಯ ಭಾರವನ್ನೂ ಲೆಕ್ಕಕ್ಕೆ ಹಿಡಿಯಬೇಕಾದ ನಿಯಮವನ್ನು ಯಾರಿಗೂ ಅನುಮಾನ ಉಳಿಯದ ಹಾಗೆ ಬಿಡಿಸಿ ಬರೆದೆ. ಇಷ್ಟನ್ನೂ ತಿಳಿಯದ ಡ್ರೈವರ್ ಬೈರಯ್ಯನ ಲೈ­ಸೆನ್ಸನ್ನು ರದ್ದು ಮಾಡಬೇಕೆಂದು ಕೊನೆಗೆ ಸೇರಿಸಿದೆ. ರುಜು ಹಾಕಿದರೆ ಲೈಸೆನ್ಸು ಮಾತ್ರ ಹೋಗುತ್ತದೆ, ಹಾಕದಿದ್ದರೆ ಜಲ್ಲಿ ಕದ್ದ ಕೇಸು ಎಂದು ಯಜಮಾನರು ಅವನಿಗೆ ಆಗಲೇ ಹೇಳಿಯಾಗಿತ್ತು.

ಬೈರಯ್ಯನನ್ನು ಒಳಗೆ ಕರೆದರು. ಅವನ ಮುಂದೆ ನಾನೇ ಎದ್ದು ನಿಂತು ಓದಬೇಕಾಯಿತು. ಅವನು ತಲೆ ಬಗ್ಗಿಸಿ, ಒಂದೊಂದು ಮಾತಿಗೂ ಹೂಂ ಎನ್ನುತ್ತ ಕೇಳಿದ. ರಾಗಿ, ಜಲ್ಲಿಯ ಲೆಕ್ಕ ಬಂದಾಗ ತಲೆ ಎತ್ತಿದ. ಅವನ ಮುಖದಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಲೆಕ್ಕ ಈಗ ಸರ್ಯಾಗದೆ ಸಾ," ಎಂದ. "ಮೊದುಲ್ನೇ ದಿನ ನಾನು ಏಳಿದ್ದೂ ಇದ್ನೇಯ. ನಂಗೆ ಇಷ್ಟು ಚೆಂದಾಗಿ ಏಳಾಕೆ ಬರ್ಲಿಲ್ಲ."

ಎದೆ ಜೇಬಿನಿಂದ ಎಣ್ಣೆ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟ. ಪೆನ್ನು ಕೈಗೆ ತೆಗೆದುಕೊಂಡು, ಎಲ್ಲಿ ರುಜು ಹಾಕಬೇಕು ಎಂದು ನನ್ನನ್ನೇ ಕೇಳಿದ.

ನಾನು ಬೆರಳಿಟ್ಟು ಜಾಗ ತೋರಿಸಿದೆ.